ಎರಡನೇ ಪಂಕ್ತಿಗೆ ಕೂರದ ಪ್ರೇರಣಾ

ಪ್ರೇರಣಾ ನನ್ನ ಸೊಸೆ. ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ, ಓದಿದ್ದು ಬಾಗಲಕೋಟೆಯಲ್ಲಿ, ಹದಿನೇಳು ವರ್ಷದಿಂದ ಇರುವುದು ಟೆಕ್ಸಾಸಿನ ರೌಂಡ್ ರಾಕ್‌ನಲ್ಲಿ. ವಯಸ್ಸು ನಲವತ್ತೊಂದು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿಯ ಫುಟ್‌ಬಾಲ್ ತಂಡವೊಂದರಲ್ಲಿ ಅವಳಿಗೆ ಸಿಕ್ಕ ಕೆಲಸದ ಬಗ್ಗೆ ನಮ್ಮ ಕನ್ನಡ ಸಂಘದ ಜನ ತಲೆಗೊಂದು ಮಾತು ಆಡುತ್ತಿದ್ದಾರೆ. ಅದೃಷ್ಟ ಅನ್ನುವವರಿದ್ದಾರೆ. ಮಾಲೀಕರು ನಮ್ಮವರೇ, ಅದಕ್ಕೇ ಕೊಟ್ಟರು ಅನ್ನುವವರೂ ಇದ್ದಾರೆ. ನಾನು ಅಲ್ಲೇ ಇದ್ದೆ. ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ, ಆದರೆ ಕಂಡದ್ದನ್ನು ಕಂಡಷ್ಟೇ ಬರೆಯಲು ಅಷ್ಟು ಸಾಕು.

ಮೊದಲು ಅವಳು ಒಂದು ಕಂಪ್ಯೂಟರ್ ಕಂಪನಿಯಲ್ಲಿ ಟೆಸ್ಟರ್ ಆಗಿದ್ದಳು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಕೆಲಸ. ಒಂಬತ್ತು ವರ್ಷ ಹುಡುಕಿದಳು. ಒಂದು ಸೋಮವಾರ ಅವಳ ಗುಂಪಿನ ಅಷ್ಟೂ ಜನರನ್ನು ಕೆಲಸದಿಂದ ತೆಗೆದರು. ಮನೆಗೆ ಬಂದವಳು ಅಳಲಿಲ್ಲ. ಫ್ರಿಜ್ ಖಾಲಿ ಮಾಡಿ ಒಳಗೆಲ್ಲ ತೊಳೆದಳು.

ಆ ವರ್ಷ ನಮ್ಮ ಬಡಾವಣೆಯ ಹೈಸ್ಕೂಲಿನವರಿಗೆ ಶುಕ್ರವಾರದ ಆಟಗಳನ್ನು ಮೇಲಿನಿಂದ ವಿಡಿಯೋ ಮಾಡುವವರು ಬೇಕಾಗಿದ್ದರು. ಕೈ ಖಾಲಿ ಇದ್ದ ಪ್ರೇರಣಾ ಒಪ್ಪಿಕೊಂಡಳು. ಆರನೇ ವಾರ ಅಲ್ಲಿಯ ಕೋಚ್ ಹತ್ತಿರ ಹೋಗಿ, "ನೀವು ಚೆಂಡು ಎಸೆಯುವ ಆಟ ಆಡುವಾಗಲೆಲ್ಲ ನಿಮ್ಮ ಎಡಗಡೆಯ ದಪ್ಪ ಆಟಗಾರ ಮೊದಲೇ ಹಿಮ್ಮಡಿ ಹಿಂದಕ್ಕೆ ಇಡುತ್ತಾನೆ. ಎದುರಿನವರು ಅದನ್ನು ನೋಡಿಕೊಂಡೇ ನಿಮ್ಮನ್ನು ಹಿಡಿಯುತ್ತಿದ್ದಾರೆ" ಅಂದಳಂತೆ. ಕೋಚ್ ವಿಡಿಯೋ ನೋಡಿದ. ಹೌದಾಗಿತ್ತು. ಆ ಕೋಚ್ ತನ್ನ ಗೆಳೆಯನಿಗೆ ಹೇಳಿದ, ಆ ಗೆಳೆಯನೇ ಡ್ಯಾಲಸ್ ಮೆಸ್ಕೀಟ್ಸ್ ತಂಡದ ದೊಡ್ಡ ಕೋಚ್ ಹಾಯ್ಟ್. ಹೀಗೆ ಅವಳು ದುಡ್ಡು ಕೊಟ್ಟು ಆಡಿಸುವ ತಂಡಕ್ಕೆ ಸೇರಿದಳು. ಮೆಸ್ಕೀಟ್ ಅಂದರೆ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಕಡಿದರೂ ಸಾಯದ ಗಿಡದ ಹೆಸರಿಟ್ಟವರಿಗೆ ಬುದ್ಧಿ ಇತ್ತು.

ಆಟ ತಿಳಿಯದವರಿಗೆ ಇಷ್ಟು ಹೇಳುತ್ತೇನೆ. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಪ್ರಯತ್ನ. ಹೀಗೇ ಹೋಗಿ ಎದುರಿನವರ ಕೊನೆಯ ಗೆರೆ ಮುಟ್ಟಿದರೆ ಅಂಕ. ಪ್ರತಿ ಪ್ರಯತ್ನಕ್ಕೂ ಹನ್ನೊಂದು ಜನ ಯಾರು ಎಲ್ಲಿಗೆ ಓಡಬೇಕು ಎಂದು ಒಬ್ಬರು ನಿರ್ಧಾರ ಮಾಡಿ ಮುಖ್ಯ ಆಟಗಾರನ ಕಿವಿಗೆ ಹೇಳುತ್ತಾರೆ. ಹಾಗೆ ಹೇಳುವವರೇ ಅಫೆನ್ಸಿವ್ ಕೋಆರ್ಡಿನೇಟರ್. ಪ್ರೇರಣಾ ಸೇರಿದ ಮೇಲೆ ಆ ಕೆಲಸಕ್ಕೆ ಬಂದವನು ಕಟ್ಲರ್. ಪ್ರೇರಣಾ ಮೈದಾನದ ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಎದುರಿನವರನ್ನು ನೋಡಿ, ಮುಂದಿನ ಪ್ರಯತ್ನ ಹೇಗಿರಬೇಕೆಂದು ಫೋನಿನಲ್ಲಿ ಕಟ್ಲರನಿಗೆ ಹೇಳುತ್ತಿದ್ದಳು. ಅವನು ಅದನ್ನೇ ಕೆಳಗೆ ಹೇಳುತ್ತಿದ್ದ. ನಾಲ್ಕು ವರ್ಷ ಹೀಗೆ ನಡೆಯಿತು. ಕಾಗದದಲ್ಲಿ ಅವಳ ಕೆಲಸದ ಹೆಸರು ವಿಡಿಯೋ ಸಹಾಯಕಿ.

ಅವಳು ಪ್ರತಿ ಪ್ರಯತ್ನವನ್ನೂ ಒಂದೊಂದು ಕಾರ್ಡಿನ ಮೇಲೆ ಕೈಯಿಂದ ಬರೆಯುತ್ತಾಳೆ. ನಮ್ಮವರಿಗೆ ಗುಂಡು ಗುರುತು, ಎದುರಿನವರಿಗೆ ಕತ್ತರಿ ಗುರುತು. ಅದಕ್ಕೆ ಇಂಗ್ಲಿಷ್ ಬೇಕಿಲ್ಲ. ಆದ್ದರಿಂದ ಒಂದೇ ತರಹದವನ್ನು ಒಟ್ಟಿಗೆ ಜೋಡಿಸಿ ಕೊಡುವುದು ನನ್ನ ಪಾಲಿಗೆ ಬಂತು. ತಂಡದ ಕೆಲಸವಿದ್ದ ವಾರ ಅವಳು ರೌಂಡ್ ರಾಕ್‌ನಿಂದ ಮೂರು ಗಂಟೆ ಡ್ರೈವ್ ಮಾಡಿ ಡ್ಯಾಲಸ್‌ಗೆ ಹೋಗುತ್ತಿದ್ದಳು, ಕ್ಯಾರಲ್ಟನ್‌ನಲ್ಲಿ ಒಂದು ರೂಮು ಹಿಡಿದಿದ್ದಳು. ಹಲವು ಸಲ ನಾನೂ ಜೊತೆಗೆ ಹೋಗುತ್ತಿದ್ದೆ. ಜೋಳದ ಹಿಟ್ಟು ಅಲ್ಲಿ ಚೆನ್ನಾಗಿ ಸಿಗುತ್ತದೆ.

ಈ ತಂಡಗಳು ಆಡುವುದು ಮಾರ್ಚ್ ಕೊನೆಯಿಂದ ಜೂನ್‌ವರೆಗೆ. ಕಳೆದ ಜೂನ್‌ನಲ್ಲಿ ಸೀಸನ್ ಮುಗಿಯಿತು. ಜುಲೈನಲ್ಲಿ ಕಟ್ಲರ್ ಬೇರೆ ಊರಿನ ಕಾಲೇಜು ತಂಡಕ್ಕೆ ಹೋದ. ಅವನ ಜಾಗಕ್ಕೆ ಮೂವರ ಪಟ್ಟಿ ಆಯಿತು. ಆಸ್ಟಿನ್‌ನ ಒಂದು ಹೋಟೆಲಿನಲ್ಲಿ ಹಾಯ್ಟ್ ಒಬ್ಬೊಬ್ಬರನ್ನೇ ಕರೆದು ಮಾತಾಡುವುದೆಂದು ಆಯಿತು. ಯಾರು ಯಾವ ಹೊತ್ತಿಗೆ ಬರಬೇಕೆಂದು ಟೈಪ್ ಮಾಡುವ ಕೆಲಸ ಪ್ರೇರಣಾಳದು. ಟೈಪ್ ಮಾಡಿದಳು. ಆಮೇಲೆ ಅದೇ ಹೋಟೆಲಿಗೆ ತಾನೂ ಹೋದಳು.

"ಪಟ್ಟಿಯಲ್ಲಿ ನನ್ನ ಹೆಸರಿಲ್ಲ" ಅಂದಳಂತೆ.

ಹಾಯ್ಟ್ ಕಾಫಿ ಕಡೆ ನೋಡಿ, "ನೀನು ಕೇಳಲೇ ಇಲ್ಲವಲ್ಲ" ಅಂದನಂತೆ.

"ಅವರು ಮೂವರೂ ಕೇಳಿದ್ದರಾ?"

"ಇಲ್ಲ. ನಾನೇ ಫೋನ್ ಮಾಡಿದೆ."

"ಹಾಗಾದರೆ ಕೇಳಿದವಳು ನಾನೊಬ್ಬಳೇ. ನಾಲ್ಕನೇ ಹೆಸರು ಬರೆಯಿರಿ."

ಅವನು ಬರೆದ. ಹಾಯ್ಟ್ ಕೆಟ್ಟವನಲ್ಲ. ಕೆಟ್ಟವನಲ್ಲದ ಗಂಡಸಿಗೂ ಕೆಲವನ್ನು ಎದುರಿಗೆ ನಿಂತು ಹೇಳಬೇಕಾಗುತ್ತದೆ.

ಹೋಟೆಲಿನ ಮಾತುಕತೆ ಆದ ಮೇಲೆ ಎರಡನೆಯ ಹಂತ ಡ್ಯಾಲಸ್‌ನಲ್ಲಿ, ಪರೀಕ್ಷೆ. ಹೊರಡುವ ದಿನ ಪ್ರೇರಣಾ ಚೀಲ ಹಿಡಿದು ಗರಾಜಿಗೆ ಬಂದಾಗ ನಾನು ಬಾಗಿಲ ಹಿಂದೆ ಸರಿದು ನಿಂತೆ. ಗಂಡ ಇಲ್ಲದವಳು ಒಳ್ಳೆಯ ಕೆಲಸಕ್ಕೆ ಹೊರಟವರ ಎದುರಿಗೆ ಬರಬಾರದು ಅಂತ ನಮ್ಮಲ್ಲಿ. ನನ್ನ ಯಜಮಾನರು ಬಸಲಿಂಗಪ್ಪ ಹೋಗಿ ಆಗ ಆರು ವರ್ಷ.

"ಅತ್ತಿ, ಅಲ್ಯಾಕ ನಿಂತೀರಿ? ಎದುರಿಗೆ ಬರ್ರಿ" ಅಂದಳು.

"ಹೋಗವ್ವಾ ನೀನು. ಹೊತ್ತಾಗತೈತಿ."

"ನೀವು ಎದುರಿಗೆ ಬರೂತನಕ ಗಾಡಿ ತೆಗಿಯಂಗಿಲ್ಲ ನಾನು."

ಮಗ ಚಿದಾನಂದ್ ಗಡಿಯಾರ ತೋರಿಸಿ, "ಯವ್ವಾ, ಆಕಿ ಹೇಳಿದಂಗ ಮಾಡಬೇ. ಇಲ್ಲಂದ್ರ ಇಬ್ರೂ ಇಲ್ಲೇ ಸಂಜಿ ಮಾಡ್ತೀರಿ" ಅಂದ. ಹೋದೆ. ಗಾಡಿಯ ಮುಂದೆ ನಿಂತೆ. ನನ್ನನ್ನು ನೋಡಿ ಕೈ ಮುಗಿದು ಹೊರಟಳು.

ಪರೀಕ್ಷೆಯಲ್ಲಿ ಆಗಷ್ಟೇ ಮುಗಿದ ಸೀಸನ್ನಿನಲ್ಲಿ ಕೈಕೊಟ್ಟ ಹನ್ನೆರಡು ಪ್ರಯತ್ನಗಳ ವಿಡಿಯೋ ತೋರಿಸಿ, ಎಲ್ಲಿ ತಪ್ಪಾಯಿತು ಎಂದು ಕೇಳಿದರು. ಇಬ್ಬರು ನಾಲ್ಕೈದು ಹೇಳಿದರು. ಸ್ಟೋವರ್ ಎಂಬವನು ಏಳು ಹೇಳಿದ. ಪ್ರೇರಣಾ ಹನ್ನೆರಡೂ ಹೇಳಿದಳು. ಹೇಳಿ, "ನಿಮ್ಮ ಒಂಬತ್ತನೇ ವಿಡಿಯೋಗೆ ತಪ್ಪು ತಾರೀಕು ಹಾಕಿದ್ದೀರಿ, ಅದು ಆ ವಾರದ ಆಟ ಅಲ್ಲ" ಎಂದು ಪರೀಕ್ಷೆಯಲ್ಲೇ ಒಂದು ತಪ್ಪು ಹಿಡಿದುಕೊಟ್ಟಳು. ಟೆಸ್ಟರ್ ಬುದ್ಧಿ.

ಇಬ್ಬರು ಉಳಿದರು, ಪ್ರೇರಣಾ ಮತ್ತು ಸ್ಟೋವರ್. ಸ್ಟೋವರ್ ಆಸ್ಟಿನ್ನಿನವನು. ಒಂದು ಕಾಲಕ್ಕೆ ತಾನೇ ಆಡಿದವನು, ಟಿವಿಯಲ್ಲಿ ಕೂತು ಆಟದ ಬಗ್ಗೆ ಮಾತಾಡುವವನು. ಎತ್ತರದ ಆಳು, ಹಲ್ಲು ಚೆಂದ.

ಕೊನೆಯ ಮಾತು ಮಾಲೀಕರದು. ಮಾಲೀಕರು ಮೂವರು. ಇಬ್ಬರು ಅಮೆರಿಕದವರು, ಮೂರನೆಯವರು ಧಾರವಾಡದ ಶ್ರೀಪತಿ. ಹ್ಯೂಸ್ಟನ್ ಹತ್ತಿರದ ಪೇರ್‌ಲ್ಯಾಂಡ್‌ನಲ್ಲಿ ಮೀನಾಕ್ಷಿ ಗುಡಿಯಿಂದ ಎಂಟು ನಿಮಿಷದ ದಾರಿಯಲ್ಲಿ ಅವರ ಮನೆ. ಕೋಲ್ಡ್ ಸ್ಟೋರೇಜ್ ವ್ಯಾಪಾರ. ಆಫೀಸಿನಲ್ಲಿ ಮಾತಾಡುವ ಬದಲು ಎಲ್ಲರೂ ಮನೆಗೇ ಊಟಕ್ಕೆ ಬರಲಿ, ಉಣ್ಣುತ್ತ ಮಾತಾಡೋಣ ಅಂದರು ಅವರು. ನನ್ನನ್ನೂ ಕರೆದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕರೆದದ್ದು. ತಪ್ಪು ಆದದ್ದು ಅಲ್ಲೇ.

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ಹೋದೆವು. ಊಟದ ಮೇಜಿಗೆ ಎಂಟು ಕುರ್ಚಿ. ಮೂವರು ಮಾಲೀಕರು, ಹಾಯ್ಟ್, ಸ್ಟೋವರ್ ಕೂತರು. ಮೇಜಿನ ಮೇಲೆ ತಟ್ಟೆ ಐದೇ ಇದ್ದವು. ನಾನು ಎಣಿಸಿದೆ. ಶ್ರೀಪತಿಯವರ ಹೆಂಡತಿ ಸುಚೇತಾ ಅಡುಗೆಮನೆಯಿಂದ ಕೂಗಿದಳು.

"ಪ್ರೇರಣಾ, ಬಾರವಾ ಇಲ್ಲೆ. ನೀ ರೊಟ್ಟಿ ಬಡಿಸಿಬಿಡು, ನಾ ಎಣಗಾಯಿ ತರ್ತೀನಿ. ಗಂಡಸರದು ಮೊದಲ ಆಗಿಬಿಡ್ಲಿ."

ಪ್ರೇರಣಾ ಎದ್ದು ಹೋಗಿ ರೊಟ್ಟಿಯ ಬುಟ್ಟಿ ಹಿಡಿದುಕೊಂಡಳು. ಇದಕ್ಕೆ ನಾನು ಅವಳನ್ನು ದೂರುವುದಿಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ವರ್ಷ ನಾವೆಲ್ಲ ಹೀಗೆಯೇ ಎದ್ದು ಹೋಗಿದ್ದೇವೆ. ಕೈ ಯೋಚನೆ ಮಾಡುವುದಿಲ್ಲ. ಸೋಫಾದಲ್ಲಿ ಕೂತಿದ್ದ ನನಗೂ ಆ ಕ್ಷಣ ಏನೂ ಅನ್ನಿಸಲಿಲ್ಲ, ಅದನ್ನೂ ಬರೆಯಬೇಕು.

ಮೊದಲ ಸುತ್ತು ಬಡಿಸಿದಳು. ಎರಡನೇ ಸುತ್ತಿಗೆ ಬಂದಾಗ ಮಾಲೀಕರಲ್ಲಿ ಒಬ್ಬ ಬಿಳಿ ಗಡ್ಡದ ಮುದುಕ ಸ್ಟೋವರನನ್ನು ಕೇಳಿದ, "ಗೆರೆ ಮುಟ್ಟಲು ಕೊನೆಯ ಹತ್ತು ಗಜ ಉಳಿದಾಗಲೆಲ್ಲ ನಾವು ಹೋದ ಸೀಸನ್ನಿನಲ್ಲಿ ಎಡವಿದೆವು. ನೀನಾದರೆ ಏನು ಮಾಡುತ್ತೀ?"

"ಬಲಗಡೆ ಓಡಿಸುತ್ತೇನೆ. ನಿಮ್ಮ ಬಲಗಡೆಯ ಆಟಗಾರ ಬೆಟ್ಟದಂಥವನು" ಅಂದ ಸ್ಟೋವರ್. ಪ್ರೇರಣಾ ಅವನ ತಟ್ಟೆಗೆ ರೊಟ್ಟಿ ಹಾಕಿದಳು. ಅವನು ಮುಖ ನೋಡದೆ ಥ್ಯಾಂಕ್ಯೂ ಮ್ಯಾಮ್ ಅಂದ.

ಅವಳು ಬುಟ್ಟಿಯನ್ನು ಮೇಜಿನ ನಡುವೆ ಇಟ್ಟಳು. ಅಡುಗೆಮನೆಗೆ ಹೋಗಿ ಒಂದು ತಟ್ಟೆ ತಂದಳು. ಹಾಯ್ಟ್ ಪಕ್ಕದ ಕುರ್ಚಿ ಎಳೆದು ಕೂತಳು.

ಶ್ರೀಪತಿ ನಕ್ಕರು. "ಏನವಾ ಪ್ರೇರಣಾ, ಹಸಿವಿ ತಡಿಲಾರದಂಗ ಆತೇನು? ಲೇಡೀಸ್‌ದು ಎರಡನೇ ಪಂಕ್ತಿ ಅದ. ಎಲ್ಲಾ ತಗದ ಇಟ್ಟಾಳ ಸುಚೇತಾ."

"ಹಸಿವಿಲ್ರಿ ಸರ್. ನಾ ಉಣ್ಣಾಕ ಬಂದಿಲ್ಲ, ಕೆಲಸ ಕೇಳಾಕ ಬಂದೇನಿ. ಎರಡನೇ ಪಂಕ್ತಿಗೆ ಕೂತ್ರ ನನ್ನ ಇಂಟರ್‌ವ್ಯೂ ಯಾರು ಮಾಡ್ತಾರ, ಸುಚೇತಾ ಅಕ್ಕಾರ?"

ಅಡುಗೆಮನೆಯಲ್ಲಿ ಸುಚೇತಾಳ ಕೈಯಿಂದ ಸೌಟು ಬಿದ್ದ ಸದ್ದಾಯಿತು. ಶ್ರೀಪತಿಯವರ ನಗು ಮುಖದ ಮೇಲೆ ಹಾಗೇ ಉಳಿಯಿತು. ಪ್ರೇರಣಾ ಗಡ್ಡದ ಮುದುಕನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಅದೇ ಪ್ರಶ್ನೆ ನನಗೂ ಕೇಳಿ" ಅಂದಳು. ಅವತ್ತು ಆಡಿದ ಇಂಗ್ಲಿಷನ್ನೆಲ್ಲ ಅವಳು ಕಾರಿನಲ್ಲಿ ನನಗೆ ಎರಡು ಸಲ ಬಿಡಿಸಿ ಹೇಳಿದಳು. ಆದ್ದರಿಂದ ಬರೆಯುತ್ತಿದ್ದೇನೆ.

"ಕೊನೆಯ ಹತ್ತು ಗಜಕ್ಕೆ ನಾವು ಹತ್ತೊಂಬತ್ತು ಸಲ ಬಂದೆವು. ಅಲ್ಲಿ ಮಾತ್ರ ಕಟ್ಲರ್ ನನ್ನ ಮಾತು ಬಿಟ್ಟು ಹದಿನಾಲ್ಕು ಸಲ ಬಲಗಡೆಯೇ ಓಡಿಸಿದ. ಗೆರೆ ಮುಟ್ಟಿದ್ದು ಮೂರು ಸಲ. ನಮ್ಮ ಬಲಗಡೆಯವನು ಬೆಟ್ಟದಂಥವನು ಅಂತ ನಮಗೂ ಗೊತ್ತು, ಎದುರಿನವರಿಗೂ ಗೊತ್ತು. ಅವರು ಅಲ್ಲೇ ನಾಲ್ಕು ಜನರನ್ನು ನಿಲ್ಲಿಸುತ್ತಾರೆ. ನಾನು ಬೆಟ್ಟವನ್ನು ಬಲಕ್ಕೇ ಕಳಿಸುತ್ತೇನೆ, ಚೆಂಡನ್ನು ಎಡಕ್ಕೆ ಕಳಿಸುತ್ತೇನೆ."

ಮುದುಕ ಗಡ್ಡ ಕೆರೆದುಕೊಂಡ. "ಮುನ್ನೂರು ಪೌಂಡಿನ ಗಂಡಸರು ನಿನ್ನ ಮಾತು ಕೇಳುತ್ತಾರಾ?"

"ನಾಲ್ಕು ವರ್ಷದಿಂದ ಕೇಳುತ್ತಿದ್ದಾರೆ. ಆ ಹತ್ತು ಗಜ ಬಿಟ್ಟರೆ ದನಿ ಕಟ್ಲರನದು, ಮಾತು ನನ್ನದು. ಕೋಚ್, ಹೌದೋ ಅಲ್ಲವೋ ನೀವೇ ಹೇಳಿ."

ಹಾಯ್ಟ್ ರೊಟ್ಟಿ ಕೆಳಗಿಟ್ಟ. "ಹೆಚ್ಚಿನವು ಅವಳವೇ" ಅಂದ.

"ಹೆಚ್ಚಿನವಾ?" ಅಂದಳು ಪ್ರೇರಣಾ.

ಅವನು ಬಟ್ಟೆಯಿಂದ ಬೆರಳು ಒಂದೊಂದಾಗಿ ಒರೆಸಿಕೊಂಡ. ಕಿವಿ ಕೆಂಪಾಗಿತ್ತು. "ಎಲ್ಲ" ಅಂದ.

ಆಗ ಶ್ರೀಪತಿ ಎಲ್ಲರಿಗೂ ಒಳ್ಳೆಯದಾಗುವ ದಾರಿ ಎಂದು ಒಂದು ಮಾತು ತೆಗೆದರು. ಸ್ಟೋವರ್ ಕೋಆರ್ಡಿನೇಟರ್ ಆಗಲಿ, ಟಿವಿಯವರ ಮುಂದೆ ನಿಲ್ಲಲಿ, ಜನ ಬರುತ್ತಾರೆ. ಪ್ರೇರಣಾ ಅವನ ಸಹಾಯಕಿಯಾಗಿ ಮೊದಲಿನ ಹಾಗೇ ಯೋಚನೆ ಮಾಡಲಿ.

"ನನಗೆ ಒಪ್ಪಿಗೆ" ಅಂದ ಸ್ಟೋವರ್, ತಕ್ಷಣ.

"ನಿನಗೆ ಯಾಕೆ ಒಪ್ಪಿಗೆ ಇರುವುದಿಲ್ಲ?" ಅಂದಳು ಪ್ರೇರಣಾ. "ನನಗೆ ಒಪ್ಪಿಗೆ ಇಲ್ಲ. ಕೆಲಸ ಮಾಡುವವರ ಹೆಸರು ಬಾಗಿಲ ಮೇಲೆ ಇರಬೇಕು. ಇಲ್ಲದಿದ್ದರೆ ಸೋಮವಾರದಿಂದ ನಾನು ಬರುವುದಿಲ್ಲ."

ಶ್ರೀಪತಿ ನನ್ನ ಕಡೆ ತಿರುಗಿದರು. "ಜಯದೇವಿ ಅಮ್ಮಾ, ನೀವು ಹಿರಿಯರು. ನೀವರ ಒಂದು ಮಾತು ಹೇಳ್ರಿ ಸೊಸಿಗೆ."

ಎಲ್ಲರೂ ನನ್ನನ್ನು ನೋಡಿದರು. ನಾನು ಮೇಜು ನೋಡಿದೆ.

"ಆಕಿ ತಾಟು ಖಾಲಿ ಐತ್ರಿ" ಅಂದೆ. "ನಿಮ್ಮ ಮನಿ. ಮೊದಲ ಬಡಸ್ರಿ."

ಶ್ರೀಪತಿ ಎದ್ದು ತಾವೇ ಬುಟ್ಟಿ ತೆಗೆದುಕೊಂಡು ಒಂದು ರೊಟ್ಟಿ ಹಾಕಿದರು. ಸುಚೇತಾ ಎಣಗಾಯಿ ತಂದಳು, ಜೊತೆಗೆ ತನಗೂ ಒಂದು ತಟ್ಟೆ ತಂದು ಕೂತಳು. ನನಗೆ ಅಷ್ಟೊತ್ತಿಗೆ ನಿಜವಾಗಿ ಹಸಿವಾಗಿತ್ತು. ನಾನೂ ಕೂತೆ.

ಅವತ್ತು ಯಾರೂ ಏನೂ ತೀರ್ಮಾನ ಹೇಳಲಿಲ್ಲ. ಸೋಮವಾರ ಪ್ರೇರಣಾ ಡ್ಯಾಲಸ್‌ಗೆ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಹಾಯ್ಟ್ ಏಳು ಸಲ ಫೋನ್ ಮಾಡಿದ. ಒಂದು ಸಲ ಎತ್ತಿ, "ಬಾಗಿಲ ಮೇಲೆ ಹೆಸರು ಬಂತಾ?" ಎಂದು ಕೇಳಿ ಇಟ್ಟಳು. ಅವಳು ಧೈರ್ಯವಾಗಿದ್ದಳು ಎಂದು ಬರೆದರೆ ಸುಳ್ಳಾಗುತ್ತದೆ. ಆ ಎರಡು ವಾರ ನಮ್ಮ ಫ್ರಿಜ್ ಮೂರು ಸಲ ತೊಳೆದಳು. ಇನ್ನೊಂದು ತಂಡ ಅವಳನ್ನು ಕರೆಯುವ ಭರವಸೆ ಏನೂ ಇರಲಿಲ್ಲ. ಬಿಟ್ಟರೆ ಬಿಟ್ಟಂತೆಯೇ.

ಹದಿನಾರನೇ ದಿನ ಕಂಪ್ಯೂಟರಿಗೆ ಕಾಗದ ಬಂತು. ಕೋಆರ್ಡಿನೇಟರ್ ಕೆಲಸ ಅವಳಿಗೇ. ಚಿದಾನಂದ್ ಸಿಹಿ ತರಲು ಹೊರಟ. ಪ್ರೇರಣಾ ಅವನನ್ನು ನಿಲ್ಲಿಸಿ ಕಾಗದವನ್ನು ಇನ್ನೊಮ್ಮೆ ಓದಿದಳು. ಕೆಲಸದ ಹೆಸರಿನ ಮುಂದೆ ಸಣ್ಣಗೆ "ತಾತ್ಕಾಲಿಕ" ಅಂತ ಇತ್ತು.

"ಕಟ್ಲರ್‌ಗೆ ಹಿಂಗ ಬರದಿದ್ರೇನ್ರಿ?" ಎಂದು ಗಂಡನನ್ನು ಕೇಳಿದಳು.

"ನನಗೇನ ಗೊತ್ತು?"

"ನನಗ ಗೊತ್ತೈತಿ. ಆ ಕಾಗದಾನೂ ನಾನ ಟೈಪ್ ಮಾಡಿದ್ದೆ. ಬರದಿರಲಿಲ್ಲ."

ಆ ಪದದ ಮೇಲೆ ಗೆರೆ ಎಳೆದು, ಸಹಿ ಮಾಡದೆ ವಾಪಸ್ ಕಳಿಸಿದಳು. ನಾಲ್ಕು ದಿನಕ್ಕೆ ಮತ್ತೆ ಬಂತು. ಈ ಸಲ "ಮೊದಲ ಆರು ಆಟಗಳವರೆಗೆ" ಅಂತ. ಅದರ ಮೇಲೂ ಗೆರೆ ಎಳೆದಳು. ಅವತ್ತು ಮಧ್ಯಾಹ್ನ ಶ್ರೀಪತಿ ನನಗೇ ಫೋನ್ ಮಾಡಿದರು.

"ಅಮ್ಮಾ, ಇದೇನ ಹಟ ರೀ ನಿಮ್ಮ ಸೊಸೀದು? ಕೆಲಸಾ ಕೊಟ್ಟೀವಿ. ಒಂದೆರಡು ಪದಕ್ಕ ಯಾಕಿಷ್ಟು ಜಗ್ಗಾಟ?"

"ಒಂದೆರಡ ಪದ ಅಲ್ರೀ? ನೀವ ತಗದು ಬಿಡ್ರಿ ಮತ್ತ."

ಆ ಕಡೆಯಿಂದ ಸುಚೇತಾ ನಗುವುದು ಕೇಳಿಸಿತು. ಶ್ರೀಪತಿ ಫೋನ್ ಇಟ್ಟರು. ಮೂರನೇ ಕಾಗದ ಗುರುವಾರ ಬಂತು. ಅದರಲ್ಲಿ ಮೊದಲಿನದೂ ಇರಲಿಲ್ಲ, ಎರಡನೆಯದೂ ಇರಲಿಲ್ಲ. ಪ್ರೇರಣಾ ಮೂರು ಸಲ ಓದಿ ಸಹಿ ಮಾಡಿದಳು.

ಈಗ ಏಪ್ರಿಲ್. ಸೀಸನ್ ಶುರುವಾಗಿದೆ. ಮೊದಲ ಆಟ ಸೋತರು, ಎರಡನೆಯದನ್ನೂ ಮೂರು ಅಂಕದಿಂದ ಸೋತರು. ಹೆಣ್ಣಿನ ಕೈಗೆ ಕೊಟ್ಟರೆ ಇನ್ನೇನು ಎಂದು ಸಂಘದ ಉಗಾದಿ ಊಟದಲ್ಲಿ ಒಬ್ಬರು ನನಗೆ ಕೇಳುವ ಹಾಗೇ ಅಂದರು. ಕಟ್ಲರ್ ಮೊದಲ ವರ್ಷ ಐದು ಸೋತಿದ್ದ, ಆಗ ಬಾಗಿಲ ಮೇಲೆ ಯಾರ ಹೆಸರಿತ್ತು ಎಂದು ಕೇಳಿದೆ. ಅವರು ಪಾಯಸ ಹಾಕಿಸಿಕೊಳ್ಳಲು ಎದ್ದು ಹೋದರು. ನಿನ್ನೆ ಶ್ರೀಪತಿಯವರೂ ಫೋನ್ ಮಾಡಿ, ಪ್ರೇರಣಾಗೆ ಕೊಡಿ, ಸ್ವಲ್ಪ ಮಾತಾಡಬೇಕು ಅಂದರು. ಅವಳು ಒಳಗೆ ಮೂರನೇ ಆಟಕ್ಕೆ ಗುಂಡು ಕತ್ತರಿ ಬರೆಯುತ್ತಿದ್ದಳು. ಆಕೆ ಕೆಲಸದಲ್ಲಿದ್ದಾಳೆ, ಭಾನುವಾರದ ಆಟ ಆದ ಮೇಲೆ ಮಾಡಿ ಎಂದು ಹೇಳಿ ಫೋನ್ ಇಟ್ಟೆ.