ಅಕ್ಕನ ‘ನಮ್ಮವರು’

ಆ ಹುಡುಗಿಯ ಕಣ್ಣು ನೀಲಿಯೋ ಕಂದು ಬಣ್ಣದ್ದೋ, ನನ್ನ ನೆನಪನ್ನು ಪೂರ್ತಿ ನಂಬಲಾರೆ. ಅವಳ ಮಾತು ಮಾತ್ರ ಮರೆತಿಲ್ಲ. 1991, ಯುದ್ಧ ಮುಗಿದ ಹೊಸತು. ಕುವೈತಿನ ಫಿಂಟಾಸ್‌ನಲ್ಲಿ ನಾನೂ ಉಳಿದುಕೊಂಡಿದ್ದ ಅಕ್ಕನ ಮನೆಗೆ ಅಮೆರಿಕದ ಸೇನೆಯ ಹುಡುಗಿಯೊಬ್ಬಳು ಕುಡಿಯಲು ನೀರು ಕೇಳಿಕೊಂಡು ಬಂದಳು. ಹೆಗಲಲ್ಲಿ ಬಂದೂಕು.

“ಇವಳಿಗೆ ಇನ್ನು ಯಾರ ಹೆದರಿಕೆ? ಕೇಳು ಮಾರಾಯ್ತಿ” ಎಂದು ಇಂಗ್ಲಿಷ್ ಬಾರದ ಅಕ್ಕ ನಕ್ಕಳು. ಕಾಲೇಜಿನಲ್ಲಿ ಅಮೆರಿಕದ ಕಾದಂಬರಿಗಳನ್ನು ಓದಿ, ಅಲ್ಲಿನ ಹೆಂಗಸರು ಯಾರಿಗೂ ಅಂಜುವವರಲ್ಲ ಎಂದುಕೊಂಡಿದ್ದ ನಾನೂ ತಮಾಷೆಗೆ ಕೇಳಿದೆ. ಹುಡುಗಿ ನಗಲಿಲ್ಲ. ಭಯ ಶತ್ರುಗಳದ್ದಲ್ಲ, ತಮ್ಮದೇ ಪಡೆಯ ಗಂಡಸರದ್ದು, ಕತ್ತಲಾದರೆ ಡೇರೆಯಿಂದ ಒಬ್ಬಳೇ ಹೊರಗೆ ಕಾಲಿಡುವುದಿಲ್ಲ ಎಂದಳು.

ನಾನು ದಂಗಾದೆ. ಅವಳ ಮಾತನ್ನು ಚುಟುಕಾಗಿ ಅಕ್ಕನಿಗೆ ದಾಟಿಸಿದೆ: “ನಮ್ಮವರದ್ದೇ ಹೆದರಿಕೆ ಅಂತೆ.”

ಅಕ್ಕನ ಮುಖ ಬಿಳಿಚಿಕೊಂಡಿತು. ಭಾವನನ್ನು ಅವಳು ಕರೆಯುವುದೇ ‘ನಮ್ಮವರು’ ಎಂದು. “ಇವಳಿಗೆ ಅದನ್ನು ಯಾರು ಹೇಳಿದ್ದು?” ಎಂದು ಪಿಸುಗುಟ್ಟಿದಳು.

ಆ ಪಿಸುಮಾತನ್ನು ನಾನೇ ತಪ್ಪು ಕೇಳಿಸಿಕೊಂಡೆನೇನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಹುಡುಗಿ ಹೋದ ಮೇಲೆ, ಖಾಲಿ ಲೋಟ ತೊಳೆಯುತ್ತಿದ್ದ ಅಕ್ಕನನ್ನು ಕೇಳಿದ್ದಂತೂ ನಿಜ: “ನಿನಗೆ ಭಾವನ ಹೆದರಿಕೆ ಉಂಟಾ, ಅಕ್ಕ?” ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದಳು.