ನೀಲಿ ಟವೆಲ್ಲಿನ ತನಿಖೆ

ಜಾಲಹಳ್ಳಿಯ ಕಾರ್ಖಾನೆಯಲ್ಲಿ ಸುಬ್ರಮಣಿಯವರದು ತಪ್ಪು ಹುಡುಕುವ ಕೆಲಸ. ಅವರ ಕಣ್ಣು ತಪ್ಪಿಸಿ ಒಂದು ನಟ್ಟೂ ಗೇಟು ದಾಟುವಂತಿರಲಿಲ್ಲ. ಸಂಜೆ ಅದೇ ಕಣ್ಣು ಅವರ ಜೊತೆ ಸ್ಕೂಟರಿನಲ್ಲಿ ಕ್ವಾರ್ಟರ್ಸಿಗೂ ಬರುತ್ತಿತ್ತು. ರಂಗೋಲಿಯ ಗೆರೆಯಾಗಲಿ, ಹೆಂಡತಿ ಗಂಗರತ್ನಮ್ಮ ಹೆಚ್ಚಿದ ಬೀನ್ಸಿನ ಉದ್ದವಾಗಲಿ ಒಂದೇ ಸಲಕ್ಕೆ ಪಾಸಾದದ್ದಿಲ್ಲ.

ಇಂಥವರಿಗೆ ಐವತ್ತರ ಹೊಸ್ತಿಲಲ್ಲಿ, ತಿಂಗಳಿಗೊಮ್ಮೆ ಕಪ್ಪು ಬಳಿದುಕೊಳ್ಳುವ ಮೀಸೆಯ ಬಲದಂಚಿಗೆ ಒಂದು ಮೊಡವೆ ಎದ್ದಿತು. ತಿಂಗಳ ಕೊನೆಗೆ ಅವರ ದೀರ್ಘ ಸೇವೆಗೆ ಕಾರ್ಖಾನೆಯಲ್ಲಿ ಸನ್ಮಾನ. ಶಾಲು, ಹಾರ, ಫೋಟೊ. ಫೋಟೊಗಾಗಿ ನಡುಮನೆಯ ಗೋಡೆಗೆ ಮೊಳೆ ಹೊಡೆದೂ ಆಗಿತ್ತು.

ಕಾಲೇಜಿಗೆ ಹೋಗುವ ಮಗಳು ನಯನಾಳಿಗೆ ಡಾಕ್ಟರು ಬರೆದುಕೊಟ್ಟ ಮೊಡವೆ ಕ್ರೀಮು ಬಚ್ಚಲಿನ ಕನ್ನಡಿಯ ಹಿಂದಿತ್ತು. ಕೇಳುವ ಹಾಗಿಲ್ಲ. “ಕ್ರೀಮಂತೆ, ಅದಕ್ಕೊಂದು ಬೇರೆ ಬಿಳಿ ಟವೆಲ್ಲಂತೆ, ಎಲ್ಲಾ ಶೋಕಿ!” ಎಂದು ಅವಳಿಗೆ ಉಪದೇಶ ಮಾಡಿದವರು ಅವರೇ. ಹಾಗಾಗಿ ಮಂದ ದೀಪದ ಬಚ್ಚಲಲ್ಲಿ, ಕನ್ನಡಕ ತೆಗೆದಿಟ್ಟು, ಕದ್ದು ಹಚ್ಚಿಕೊಂಡರು. ಮಗಳು ಬಟಾಣಿ ಕಾಳಿನಷ್ಟು ತೆಗೆದು ತೆಳ್ಳಗೆ ಸವರುತ್ತಿದ್ದಳು. ಒಂದು ಕೋಟಿಂಗಿಗೆ ಅಷ್ಟು ಗುಣವಾದರೆ ಮೂರು ಕೋಟಿಂಗಿಗೆ ಎಷ್ಟಾಗಬೇಡ ಎಂಬುದು ಕಾರ್ಖಾನೆಯ ಲೆಕ್ಕ. ಚರ್ಮ ಉರಿಯಿತು, ಸಿಪ್ಪೆ ಎದ್ದಿತು. ಕೆಲಸ ನಡೆಯುತ್ತಿದೆ ಎಂದು ಖುಷಿಪಟ್ಟರು.

ಎರಡು ವಾರ ಕಳೆಯುವಷ್ಟರಲ್ಲಿ ಅವರ ಕಡುನೀಲಿ ಟವೆಲ್ಲಿನ ಮೇಲೆ ಬಿಳಿಚಿದ ಕಲೆಗಳು ಕಾಣಿಸಿದವು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕುರ್ಚಿ ಹಾಕಿಸಿ, ಟವೆಲ್ಲನ್ನು ಸಾಕ್ಷಿಯಂತೆ ಹರವಿ, ಬಟ್ಟೆ ಒಗೆದು ನೆಲ ಒರೆಸುವ ಮುನಿಗಂಗಮ್ಮನನ್ನು ಕರೆಸಿದರು.

“ನಿಜ ಹೇಳು. ನೀರಿಗೆ ಬ್ಲೀಚಿಂಗ್ ಪೌಡರ್ ಹಾಕ್ತಿದೀಯ ತಾನೆ?”

“ನಾನ್ಯಾಕ್ ಆಕ್ಲಿ ಸಾರ್? ಅದೇ ಬಕೇಟ್ನಾಗೆ ಅಮ್ಮೋರ ಸೀರೆನೂ ಒಗ್ದಿವ್ನಿ. ಅದ್ಕೇನಾಯ್ತು?”

“ವಾದ ಬೇಡ. ಒಪ್ಕೋ, ಇಲ್ಲಾಂದ್ರೆ ನಾಳೆಯಿಂದ ಬೇರೆಯವರನ್ನ ನೋಡ್ಕೋತೀವಿ.”

“ರೀ, ಇವಳನ್ನ ಬಿಡಿಸಿದ್ರೆ ಬಟ್ಟೆ ಯಾರು ಒಗೀತಾರೆ? ನಿಮ್ಮ ಕಾರ್ಖಾನೆನಾ?” ಎಂದರು ಗಂಗರತ್ನಮ್ಮ ಒಳಗಿನಿಂದ.

ಮುನಿಗಂಗಮ್ಮನ ಮುಖ ಸಣ್ಣದಾಯಿತು. ಈ ಕ್ವಾರ್ಟರ್ಸಿನಲ್ಲಿ ಒಂದು ಮನೆಯವರು ಬಿಡಿಸಿದರೆಂದರೆ ಉಳಿದ ಮನೆಯವರಿಗೂ ಅನುಮಾನ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡು ಹೆಜ್ಜೆ ಮುಂದೆ ಬಂದವಳು, ಬಿಸಿಲಿನಲ್ಲಿ ಅವರ ಮುಖವನ್ನೇ ದಿಟ್ಟಿಸಿದಳು.

“ಟವಲ್ಲು ಆಮ್ಯಾಕಿರ್ಲಿ ಸಾರ್. ಆ ಕಡೆ ಮೀಸೆ ಯಾಕೆ ಇಂಗೆ ಕೆಂಪಗಾಗೈತೆ? ಅದ್ನೂ ನಾನೇ ಒಗುದ್ನಾ?”

ಸುಬ್ರಮಣಿ ಎದ್ದು ಸ್ಕೂಟರಿನ ಕನ್ನಡಿಗೆ ಬಗ್ಗಿದರು. ಎಡಮೀಸೆ ಇದ್ದಿಲಿನಂತೆ ಕಪ್ಪು. ಬಲಮೀಸೆಯ ತುದಿ ಮುಸುಕಿನ ಜೋಳದ ಕೂದಲು.

ಬಾಗಿಲಲ್ಲಿ ನಿಂತಿದ್ದ ನಯನಾಳಿಗೆ ನಗು ತಡೆಯಲಾಗಲಿಲ್ಲ. “ಅಪ್ಪಾ, ಆ ಕ್ರೀಮು ತಾಗಿದ್ರೆ ಬಟ್ಟೆ, ಕೂದಲು ಎಲ್ಲಾದರ ಬಣ್ಣಾನೂ ಹೋಗುತ್ತೆ. ಅದಕ್ಕೇ ಡಾಕ್ಟ್ರು ಬಿಳಿ ಟವೆಲ್ ಇಟ್ಕೋ ಅಂದಿದ್ದು. ಶೋಕಿ ಅಂದ್ಯಲ್ಲ, ಅದೇ!”

“ಮೊದಲೇ ಹೇಳ್ಬಾರ್ದಾಗಿತ್ತಾ?”

“ಟ್ಯೂಬು ಯಾಕೆ ಸೊರಗ್ತಿದೆ ಅಂತ ನಾನೂ ತನಿಖೆ ಮಾಡ್ತಿದ್ದೆ. ಈಗ ಸಿಕ್ತು! ಬಟಾಣಿಯಷ್ಟು ಸಾಕು ಕಣಪ್ಪಾ. ಗುಣ ಕಾಣೋಕೆ ವಾರಗಟ್ಟಲೆ ಬೇಕು. ಮೂರು ಪಟ್ಟು ಬಳಿದ್ರೆ ಬರೋದು ಉರಿ ಅಷ್ಟೇ.”

ಸುಬ್ರಮಣಿ ಗಂಟಲು ಸರಿಮಾಡಿಕೊಂಡರು. “ಮುನಿಗಂಗಮ್ಮ, ತನಿಖೆ ಮುಕ್ತಾಯವಾಗಿದೆ. ಲೋಪ ಈ ಕಡೆಯಿಂದ ಸಂಭವಿಸಿದೆ.”

“ಕನ್ನಡ್ದಾಗೆ ಏಳಿ ಸಾರ್.”

“ತಪ್ಪು ನಂದು ಕಣಮ್ಮ.”

“ಆಂ, ಅಂಗನ್ನಿ,” ಎಂದು ಆಕೆ ಬಕೆಟ್ಟೆತ್ತಿಕೊಂಡು ಹೋದಳು.

ಈಗ ಗೋಡೆಯ ಮೇಲೆ ಫೋಟೊ ಇದೆ. ಶಾಲು, ಹಾರ, ಬೋಳಿಸಿದ ಮೇಲ್ದುಟಿ, ಅದರ ಬಲಕ್ಕೆ ಕೂತ ಜಾಗದಿಂದ ಕದಲದ ಮೊಡವೆ. ನೆಲ ಒರೆಸಲು ಬಂದಾಗಲೆಲ್ಲ ಮುನಿಗಂಗಮ್ಮ ಅದರ ಕೆಳಗೆ ನಿಂತು, ಕತ್ತು ಓರೆ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ:

“ಸಾರ್, ವಸಿ ವಾರೆಯಾಗೈತೆ. ಪಾಸ್ ಮಾಡ್ಲಾ, ಬ್ಯಾಡ್ವಾ?”