ದಾನಪ್ಪ ಕೊನೆಗೆ ಕೇಳಿದ್ದು

ಸುಲೋಚನಾ, ನಿನ್ನ ಗಂಡ ಸಾಯುವಾಗ ಯೇಸುವಿನ ಹೆಸರು ಹೇಳಲಿಲ್ಲ. "ಯೇಸುವೇ, ಬಂದೆ" ಎಂದು ಅವನು ಅಂದನೆಂದು ನಿನಗೆ ಹೇಳಿದವನು ನಾನು — ನಿನ್ನ ಒಡಹುಟ್ಟಿದ ಅಣ್ಣ, ಸಾಲದ್ದಕ್ಕೆ ಈ ಸಭೆಯ ಪಾದ್ರಿ. ಅದು ನಾನೇ ಹೊಸೆದ ಸುಳ್ಳು.

ಪೂರ್ತಿ ಕೇಳು. ಆಮೇಲೆ ಎಷ್ಟು ಬೇಕಾದರೂ ಬೈ.

ದಾನಪ್ಪ ಎಂಥ ಆಸಾಮಿ ಎಂದು ನಿನಗೆ ಗೊತ್ತೇ ಇದೆ. ಕೂಸಿದ್ದಾಗ ದೀಕ್ಷಾಸ್ನಾನಕ್ಕೆ ಚರ್ಚಿಗೆ ಬಂದಿದ್ದ, ನಿಮ್ಮ ಮದುವೆಗೆ ಬಂದಿದ್ದ, ಅಲ್ಲಿಗೆ ಮುಗಿಯಿತು. ಭಾನುವಾರ ಬಂತೆಂದರೆ ಅಥಣಿಯ ಹೊರಗಿನ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯಲು ಹೊರಡುವನು — ವಾರದ ಉಳಿದ ದಿನ ದ್ರಾಕ್ಷಿಗೆ ರೋಗವೇ ಬರುವುದಿಲ್ಲವೇನೋ! ಕರೆಯಲು ಹೋದರೆ, "ದೇವರು ಅದಾನಂತ ತಿಳ್ಯಾಕ ನಿಮ್ಮ ಪುಸ್ತಕ ಯಾಕ ಬೇಕ್ರಿ? ತ್ವಾಟಕ್ಕ ಬರ್ರಿ, ತೋರಸ್ತೀನಿ" ಎನ್ನುತ್ತಿದ್ದ. ನಾನೂ ಬಿಡುವವನಲ್ಲ. ಸೃಷ್ಟಿಯನ್ನು ನೋಡಿದ ಯಾರಿಗೂ ಸೃಷ್ಟಿಕರ್ತ ಇದ್ದಾನೆಂದು ತಿಳಿಯಬಹುದು. ಆದರೆ ಅವನ ಮನಸ್ಸಿನಲ್ಲಿ ನಮ್ಮ ಬಗ್ಗೆ ಏನಿದೆ ಎಂಬುದು ಅವನಾಗಿ ತಿಳಿಸಿದರೆ ಮಾತ್ರ ಗೊತ್ತಾಗುತ್ತದೆ, ಅದನ್ನವನು ಕ್ರಿಸ್ತನಲ್ಲಿ ತಿಳಿಸಿದ್ದಾನೆ — ಇದನ್ನು ಅವನಿಗೆ ಎಷ್ಟು ಸಲ ಹೇಳಿದೆನೋ. ಗೋರ್ಕಲ್ಲ ಮೇಲೆ ಮಳೆಗರೆದಂತೆ! ದೇವಶಾಸ್ತ್ರ ಕಲಿಯುವಾಗ ಇದೇ ಪಾಠದಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ.

ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ನೀನು ಔಷಧ ತರಲು ಕೆಳಗೆ ಹೋದೆ. ಹೋಗುವಾಗ ನನ್ನ ಕೈ ಹಿಡಿದು, "ಅಣ್ಣಾ, ಒಂದ್ಸಲರ ಅವರ ಬಾಯಾಗ ಯೇಸು ಹೆಸರು ಬರೂಹಂಗ ಮಾಡು" ಅಂದೆ. ನಾನು ಹಟಕ್ಕೆ ಬಿದ್ದೆ. ಹೆಸರು ಹೇಳು, ಹೆಸರು ಹೇಳು ಎಂದು ಅವನ ಕಿವಿಯ ಹತ್ತಿರ ಒಂದೇ ಸಮನೆ — ಅವನು ಕಣ್ಣು ಬಿಟ್ಟ.

"ಪಾದ್ರಿಯವರ, ಮಾಡಿದಾಂವ ಒಬ್ಬ ಅದಾನ, ಅದು ನನಗ ಗೊತ್ತೈತಿ. ಅಂವಗ ನಾ ಗೊತ್ತ ಅದೀನೇನ್ರಿ?"

ಇದೇ, ತಂಗೀ — ಇದೇ ಪ್ರಶ್ನೆ! ಯಾವ ತೋಟವೂ ಉತ್ತರ ಕೊಡಲಾರದ ಪ್ರಶ್ನೆ. ಸುವಾರ್ತೆ ಇರುವುದೇ ಇದಕ್ಕೆ. ಇಷ್ಟು ವರ್ಷ ಪಾದ್ರಿಯಾಗಿದ್ದರೂ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ; ಮೈಕು ಯಾರ ಮನೆಯಲ್ಲಿದೆ, ಕ್ರಿಸ್ಮಸ್ ಊಟಕ್ಕೆ ಅಡಿಗೆಯವರು ಯಾರು, ಇದನ್ನೇ ಕೇಳುವ ಜನ. ಹೌದು, ಅವನಿಗೆ ನೀನು ಗೊತ್ತು, ಅದಕ್ಕೇ ಅವನು ನಿನ್ನನ್ನು ಹುಡುಕಿಕೊಂಡು ಬಂದ — ಇಷ್ಟು ಅನ್ನಬೇಕಿತ್ತು. ನಾನು ಅಂದದ್ದೇನು? "ಇಷ್ಟ ವರ್ಷ ಚರ್ಚಿಗೆ ಬಂದಿದ್ರ ಗೊತ್ತಾಗ್ತಿತ್ತು. ಮೊದಲ ಹೆಸರು ಹೇಳು." ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ನೀನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಏನರ ಅಂದ್ರೇನು?" ಎಂದು ಕೇಳಿದೆ ನೀನು. ನಿನ್ನ ಮುಖ ನೋಡಲಾಗದೆ ಆ ಮಾತು ಅಂದುಬಿಟ್ಟೆ. ಇಲ್ಲ — ಇದೂ ಸುಳ್ಳು. ನನ್ನ ಸೋಲು ಮುಚ್ಚಿಕೊಳ್ಳಲು ಅಂದೆ.

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ನನ್ನ ಸುಳ್ಳು ಬಸ್ಸು ಹತ್ತಿತು. ರಾಯಬಾಗದ ಮಹಿಳಾ ಕೂಟದಲ್ಲಿ ನೀನು ಅದನ್ನು ಹೇಳಿದೆ, ಚಿಕ್ಕೋಡಿಯಲ್ಲಿ ಹೇಳಿದೆ. ನಿಪ್ಪಾಣಿ ಮುಟ್ಟುವಷ್ಟರಲ್ಲಿ ದಾನಪ್ಪನ ತಲೆಯ ಸುತ್ತ ಬೆಳಕು ಬಂದಿತ್ತು, ಮರಾಠಿಯಲ್ಲೂ ಸಾಕ್ಷಿ ಹೇಳುವುದು ಶುರುವಾಗಿತ್ತು. ಮಾಡಿದವನೊಬ್ಬ ಇದ್ದಾನೆಂದು ತೋಟದಲ್ಲಿ ಅವನು ತಿಳಿದುಕೊಂಡದ್ದಾದರೂ ಅಷ್ಟರಮಟ್ಟಿಗೆ ನಿಜವಿತ್ತು. ದೇವರು ತಾನಾಗಿ ತೋರಿಸಿಕೊಟ್ಟದ್ದೆಂದು ನೀವೆಲ್ಲ ನಂಬಿದ್ದು ಮಾತ್ರ ನನ್ನ ತಲೆಯಿಂದ ಬಂದದ್ದು. ಮುಂದಿನ ಸಾಲಿನಲ್ಲಿ ಕೂತು ನಾನು "ಆಮೆನ್" ಎನ್ನುತ್ತಿದ್ದೆ — ಹಣೆ ಹಣೆ ಚಚ್ಚಿಕೊಳ್ಳಬೇಕು!

ಇದನ್ನು ನುಂಗಿಕೊಂಡೇ ಸಾಯುತ್ತಿದ್ದೆನೇನೋ. ಆದರೆ ಮೊನ್ನೆ ಎಸ್ತೇರವ್ವನ ಮನೆಯ ಪ್ರಾರ್ಥನೆಯಲ್ಲಿ ನೀನಾಡಿದ ಮಾತು... ಕಾಗವಾಡ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಅವಳ ಗಂಡ ಒಂದು ಮಾತೂ ಆಡದೆ ಹೋಗಿದ್ದಾನೆ. ನೀನು ಅವಳ ಪಕ್ಕದಲ್ಲಿ ಕೂತು, "ಕಡೀಕ ಹೆಸರು ಹೇಳಿದ್ರಿಲ್ಲೋ ನಿಮ್ಮವ್ರು? ನಮ್ಮವ್ರು ಹೇಳೇ ಹ್ವಾದ್ರು ನೋಡವಾ" ಅಂದೆ. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಹೇಗೆ ಬಾಯಿ ಬಂತೇ ನಿನಗೆ? ಎಂದು ರೇಗಿಹೋಯಿತು. ಆದರೆ ಆ ಬಡಿಗೆಯನ್ನು ನಿನ್ನ ಕೈಗೆ ಕೊಟ್ಟವನು ನಾನೇ.

ಇಂದು ಮುಂಜಾನೆ ಅವಳ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ದಾನಪ್ಪನೂ ಹೆಸರು ಹೇಳದೆಯೇ ಹೋದ. ಅವಳ ಗಂಡನನ್ನೂ ದೇವರು ಬಲ್ಲ, ಮಾತು ಬರಲಿಲ್ಲವೆಂದು ಅವನ ಕೈ ಬಿಡುವವನಲ್ಲ ಎಂದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

"ಪಾದ್ರಿಯವರ, ಆಗ ನಿಮ್ಮ ತಂಗಿ ಸಮಾಧಾನಕ್ಕ ಸುಳ್ಳ ಹೇಳಿದ್ರಿ. ಈಗ ನನ್ನ ಸಮಾಧಾನಕ್ಕ ಹೇಳಾಕತ್ತಿಲ್ಲಂತ ನಾ ಹ್ಯಾಂಗ ನಂಬಲಿರಿ?"

ಅಲ್ಲಿಂದ ಎದ್ದು ನೇರ ನಿನ್ನ ಬಳಿ ಬಂದೆ. ಆಕಾಶ, ಬೆಳೆ ಹೇಳಲಾರದ ಮಾತನ್ನು ದೇವರು ಮನುಷ್ಯರ ಬಾಯಿಗೆ ಒಪ್ಪಿಸಿದ್ದಾನೆ, ಈ ಊರಲ್ಲಿ ಆ ಬಾಯಿ ನನ್ನದಾಗಿತ್ತು. ಭಾನುವಾರ ಪೀಠದಿಂದ ಎಲ್ಲರಿಗೂ ನಿಜ ಹೇಳುತ್ತೇನೆ. ನೀನು ಎದ್ದು ಹೊರಗೆ ಹೋಗಬಹುದು, ಎಸ್ತೇರವ್ವ ಬರದೆಯೇ ಇರಬಹುದು. ನಂಬಿರೆಂದು ಕೇಳುವ ಹಕ್ಕು ನನಗೆ ಉಳಿದಿಲ್ಲ, ಆದರೂ ಹೇಳುತ್ತೇನೆ.